ತರಗತಿಯ ಮಾತು ಯಾರ ಸುಪರ್ದಿ?

ಜೂನ್ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೊದಲೆಲ್ಲ ಕಟ್‌ಆಫ್, ಕೋಟಾ, ಹಾಸ್ಟೆಲ್, ಟ್ರೇನಿನ ಪಾಸು ಇವಿಷ್ಟೇ ಇರುತ್ತಿದ್ದವು. ಈಚೆಗೆ ಅವುಗಳ ನಡುವೆ ಬೇರೊಂದು ಪ್ರಶ್ನೆ ತಲೆ ಹಾಕುತ್ತಿದೆ. ಡೊಂಬಿವಲಿಯ ತಾಯಿಯೊಬ್ಬರು ಬರೆದಿದ್ದಾರೆ: "ಮಗಳಿಗೆ ಒಳ್ಳೆಯ ಕಡೆ ಸೀಟು ಸಿಕ್ಕಿದೆ ಸರ್. ಆದರೆ ರಾಜಕೀಯ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಬೇಕಂತೆ. ಸಹಿ ಹಾಕಿಸಲೇ?" ಮುಲುಂಡಿನಲ್ಲಿ ಹೋಟೆಲು ನಡೆಸುವ ಹಿರಿಯರೊಬ್ಬರದು ನೇರ ಮಾತು: "ಫೀಸು ಕಟ್ಟುವವರು ನಾವು. ಕಾಲೇಜಿಗೆ ಹೋದವರು ಓದಿಕೊಂಡು ಬರಲಿ. ಈ ಸ್ವಾತಂತ್ರ್ಯ ಗೀತಂತ್ರ್ಯ ಎಲ್ಲ ಯಾಕೆ ಬೇಕು ಮಾರಾಯ್ರೆ?"

ಹಿರಿಯರ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಅದು ಅವರೊಬ್ಬರದಲ್ಲ. 'ನಮಗ್ಯಾಕೆ ಊರ ಉಸಾಬರಿ' ಎಂಬುದು ಮುಂಬಯಿ ಕನ್ನಡಿಗರ ಮನೆಗಳಲ್ಲಿ ಮಗ್ಗಿಗಿಂತ ಮೊದಲು ಬಾಯಿಪಾಠವಾಗುವ ವಾಕ್ಯ. ಅದು ಹೇಡಿತನದಿಂದ ಹುಟ್ಟಿದ್ದಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ತಲೆಮಾರಿಗೆ ಈ ಊರು ಅನ್ನ ಕೊಟ್ಟಿತು, ಹೆದರಿಕೆಯನ್ನೂ ಕೊಟ್ಟಿತು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮಂಗಳೂರಿನವರು, ಮಧುರೆಯವರು ಎಂಬ ಭೇದವಿಲ್ಲದೆ ನಾವೆಲ್ಲ 'ಮದ್ರಾಸಿ'ಗಳಾದೆವು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ನೆಪದಲ್ಲಿ ನಗರ ದಿನಗಟ್ಟಲೆ ಉರಿದಾಗ ಬಾಗಿಲು ಹಾಕಿ ಒಳಗೆ ಕೂತವರು ನಮ್ಮ ಅಪ್ಪ, ಮಾವಂದಿರು. ಅಂಥವರು ಮಕ್ಕಳಿಗೆ 'ಬಾಯಿ ಮುಚ್ಚಿಕೊಂಡಿರು' ಎಂದರೆ ಅದನ್ನು ತಪ್ಪು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಮಕ್ಕಳು ಬಾಯಿ ಮುಚ್ಚಿಕೊಂಡ ಕಾಲೇಜಿನಲ್ಲಿ ಅವರಿಗೆ ಸಿಗುವ ಪಾಠವೇ ಬೇರೆಯಾಗುತ್ತದೆ. ಅದನ್ನು ಹೇಳಲು ನಮ್ಮ ಊರಿನದೇ ಒಂದು ಪ್ರಕರಣಕ್ಕೆ ಹೋಗಬೇಕು.

ರೋಹಿಂಟನ್ ಮಿಸ್ತ್ರಿ ಈ ಊರಲ್ಲೇ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದಲ್ಲೇ ಪದವಿ ಪಡೆದು, 1975ರಲ್ಲಿ ಕೆನಡಾಕ್ಕೆ ಹೋದ ಪಾರ್ಸಿ ಲೇಖಕ. ಅವರ 'ಸಚ್ ಎ ಲಾಂಗ್ ಜರ್ನಿ' ಎಂಬ ಇಂಗ್ಲಿಷ್ ಕಾದಂಬರಿ ಬಂದದ್ದು 1991ರಲ್ಲಿ. ಆ ವರ್ಷ ಅದು ಬೂಕರ್ ಅಂತಿಮ ಪಟ್ಟಿಯಲ್ಲಿತ್ತು. ಕಥೆಯ ಕಾಲ 1971, ನಾಯಕ ಗುಸ್ತಾದ್ ನೋಬಲ್ ಎಂಬ ಬ್ಯಾಂಕ್ ನೌಕರ. ಅವನ ವಠಾರದ ಗೋಡೆಗೆ ದಾರಿಹೋಕರೆಲ್ಲ ಮೂತ್ರ ಮಾಡುತ್ತಾರೆ, ನಾತಕ್ಕೂ ಸೊಳ್ಳೆಗೂ ಕೊನೆಯಿಲ್ಲ. ಗುಸ್ತಾದ್ ಫುಟ್‌ಪಾತಿನ ಚಿತ್ರಗಾರನೊಬ್ಬನನ್ನು ಹಿಡಿದು ತಂದು ಗೋಡೆಯ ಉದ್ದಕ್ಕೂ ಎಲ್ಲ ಧರ್ಮಗಳ ದೇವರು, ಸಂತರು, ಪ್ರವಾದಿಗಳ ಚಿತ್ರ ಬರೆಸುತ್ತಾನೆ. ರಾತ್ರೋರಾತ್ರಿ ನಾತ ಮಾಯ, ಊದುಬತ್ತಿಯ ಪರಿಮಳ ಶುರು. ಕೊನೆಗೆ ರಸ್ತೆ ಅಗಲ ಮಾಡಲು ಮುನ್ಸಿಪಾಲಿಟಿ ಬಂದು ಆ ಗೋಡೆಯನ್ನೇ ಕೆಡವುತ್ತದೆ. ಮುಂಬಯಿಯನ್ನು ಇಷ್ಟು ಬಲ್ಲ ಪುಸ್ತಕಗಳು ಕಡಿಮೆ. ಅದರ ಪಾತ್ರಗಳು ಆ ಕಾಲದ ರಾಜಕಾರಣಿಗಳನ್ನು, ಇಂದಿರಾ ಗಾಂಧಿಯನ್ನೂ ಶಿವಸೇನೆಯನ್ನೂ, ಬಾಯಿಗೆ ಬಂದಂತೆ ಬೈಯುತ್ತವೆ. ಹೋಟೆಲಿನ ಗಾಜು ಒಡೆಸಿಕೊಂಡ ನಮ್ಮ ಹಿರಿಯರು ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಆಡಿದ ಮಾತನ್ನೇ ಆ ಪಾರ್ಸಿ ಪಾತ್ರಗಳು ಗಟ್ಟಿಯಾಗಿ ಆಡುತ್ತವೆ, ಅಷ್ಟೇ.

2010ರಲ್ಲಿ ಈ ಕಾದಂಬರಿ ಎರಡನೇ ವರ್ಷದ ಬಿ.ಎ. ಇಂಗ್ಲಿಷ್ ವಿದ್ಯಾರ್ಥಿಗಳ ಪಠ್ಯದಲ್ಲಿತ್ತು. ಅದೇ ಹೊಸದಾಗಿ ಸೇರಿಸಿದ್ದೂ ಅಲ್ಲ. ಸೆಪ್ಟೆಂಬರಿನಲ್ಲಿ ಶಿವಸೇನೆಯ ವಿದ್ಯಾರ್ಥಿ ಘಟಕದವರು ವಿಶ್ವವಿದ್ಯಾಲಯದ ಗೇಟಿನಲ್ಲಿ ಪುಸ್ತಕದ ಪ್ರತಿಗಳನ್ನು ಸುಟ್ಟರು, ಪಠ್ಯದಿಂದ ತೆಗೆಯಲು ಗಡುವು ಕೊಟ್ಟರು. ಮುಂದಾಳು ಆಗಿನ್ನೂ ಸೇಂಟ್ ಝೇವಿಯರ್ಸ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆದಿತ್ಯ ಠಾಕ್ರೆ. ಅದೇ ವರ್ಷದ ದಸರೆಗೆ ಅವರ ನೇತೃತ್ವದಲ್ಲಿ ಯುವಸೇನೆ ಹುಟ್ಟಿತು. ಕೆಲವೇ ತಿಂಗಳ ಹಿಂದೆ ಅಧಿಕಾರ ವಹಿಸಿಕೊಂಡಿದ್ದ ಕುಲಪತಿ ರಾಜನ್ ವೇಳೂಕರ್ ಪುಸ್ತಕವನ್ನು ಹಿಂದೆಗೆದುಕೊಂಡರು. ಎತ್ತು ಈಯಿತು ಎಂದರು, ಕೊಟ್ಟಿಗೆಯಲ್ಲಿ ಕಟ್ಟಿ ಆಯಿತು. ರಾಜ್ಯದಲ್ಲಿ ಆಗ ಇದ್ದದ್ದು ಕಾಂಗ್ರೆಸ್ ಮತ್ತು ಎನ್‌ಸಿಪಿ ಸರ್ಕಾರ. ಅದು ವಿಶ್ವವಿದ್ಯಾಲಯದ ಬೆನ್ನಿಗೆ ನಿಲ್ಲಲಿಲ್ಲ.

ಈ ಕ್ರಮದಲ್ಲಿ ಏನು ತಪ್ಪು ಎಂದು ತಿಳಿಯಬೇಕಾದರೆ ಪಠ್ಯವೊಂದು ಹೇಗೆ ಆಯ್ಕೆಯಾಗುತ್ತದೆ ಎಂಬುದು ಗೊತ್ತಿರಬೇಕು. ಉಪನಗರದ ಕಾಲೇಜೊಂದರಲ್ಲಿ ಬಹಳ ಕಾಲ ಪಾಠ ಹೇಳಿದ ನಾನು ಪಠ್ಯ ರಚನೆಯ ಸಭೆಗಳಲ್ಲಿ ಕೂತಿದ್ದೇನೆ. ದೇಶದ ಬೌದ್ಧಿಕ ಭವಿಷ್ಯ ಅಲ್ಲಿ ತೀರ್ಮಾನವಾಗುತ್ತದೆ ಎಂದು ಭಾವಿಸಬೇಡಿ. ಪುಸ್ತಕದ ಬೆಲೆ ಎಷ್ಟು, ಬದ್ಲಾಪುರದಿಂದ ಬರುವ ಹುಡುಗನಿಗೆ ಕೊಳ್ಳಲಾದೀತೇ, ಅಗ್ಗದ ಆವೃತ್ತಿ ಫೋರ್ಟಿನ ಅಂಗಡಿಗಳಲ್ಲಿ ಸಿಗುತ್ತದೆಯೇ, ನಾಲ್ಕುನೂರು ಪುಟ ಒಂದು ಸೆಮಿಸ್ಟರಿನಲ್ಲಿ ಮುಗಿದೀತೇ, ಪ್ರಶ್ನೆಪತ್ರಿಕೆ ತೆಗೆಯುವವರು ಯಾರು? ತಣ್ಣಗಾದ ಬಟಾಟೆ ವಡೆಯ ಮುಂದೆ ಗಂಟೆಗಟ್ಟಲೆ ಇದೇ ಜಗಳ. ಒಬ್ಬರು ತಾವು ಓದಿದ ಕಾಲದ ಪುಸ್ತಕವೇ ಇರಲಿ ಎನ್ನುತ್ತಾರೆ, ಇನ್ನೊಬ್ಬರು ನಿನ್ನೆ ಬಂದದ್ದೇ ಬೇಕು ಎನ್ನುತ್ತಾರೆ. ಅಧ್ಯಯನ ಮಂಡಳಿ ಒಪ್ಪಿದ್ದು ನಿಕಾಯಕ್ಕೆ ಹೋಗಿ, ಅಲ್ಲಿಂದ ವಿದ್ಯಾ ವಿಷಯಕ ಪರಿಷತ್ತಿಗೆ ಹೋಗಿ, ಎಷ್ಟೋ ತಿಂಗಳ ನಂತರ ತರಗತಿಗೆ ಬರುತ್ತದೆ. ಬೇಸರದ ದಾರಿ ನಿಜ. ಆದರೆ ಆ ದಾರಿಯ ಪ್ರತಿ ಹೆಜ್ಜೆಯಲ್ಲೂ ಆ ವಿಷಯ ಬಲ್ಲವರು ಇರುತ್ತಾರೆ, ಅವರು ಕಾರಣ ಹೇಳಬೇಕಾಗುತ್ತದೆ, ಹೇಳಿದ ಕಾರಣ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಶೈಕ್ಷಣಿಕ ಸ್ವಾತಂತ್ರ್ಯ ಎಂಬ ದೊಡ್ಡ ಹೆಸರಿನ ಒಳಗೆ ಇರುವುದು ಬಹುಮಟ್ಟಿಗೆ ಇಂಥ ಸಣ್ಣ ಸಭೆಗಳು.

ಕುಲಪತಿಯವರು ಬಳಸಿದ್ದು 1994ರ ಮಹಾರಾಷ್ಟ್ರ ವಿಶ್ವವಿದ್ಯಾಲಯ ಕಾಯಿದೆಯ 14(7)ನೇ ಕಲಮು. ತುರ್ತು ಪರಿಸ್ಥಿತಿಯಲ್ಲಿ ಮಂಡಳಿಗಳನ್ನು ಕಾಯದೆ ತಾವೇ ಕ್ರಮ ಕೈಗೊಂಡು ಆಮೇಲೆ ವರದಿ ಮಾಡಬಹುದು ಎನ್ನುವ ಕಲಮು ಅದು. ಇಂಥ ಅಧಿಕಾರ ಬೇಡವೆಂದು ಯಾರೂ ಹೇಳಲಾರರು. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ವಿಶ್ವವಿದ್ಯಾಲಯದ ಆವರಣವಿರುವ ಪಕ್ಕದ ಕಲೀನಾ ನೀರಲ್ಲಿ ಮುಳುಗಿದಂಥ ಹೊತ್ತಿನಲ್ಲಿ ಪರೀಕ್ಷೆ ಮುಂದೂಡಬೇಕಾದರೆ ಪರಿಷತ್ತಿನ ಸಭೆ ಕರೆಯುತ್ತ ಕೂರಲಾಗದು. ಕಾದಂಬರಿಯೊಂದು ವರ್ಷಗಟ್ಟಲೆ ಪಾಠವಾಗುತ್ತಿದ್ದದ್ದು ಯಾವ ಪ್ರವಾಹ? 1994ರ ಕಾಯಿದೆ ಹೋಗಿ 2016ರ ಹೊಸ ಕಾಯಿದೆ ಬಂದಿದೆ. ಕುಲಪತಿಯ ಈ ತುರ್ತು ಅಧಿಕಾರ ಅದರಲ್ಲೂ ಇದೆ.

ಮುಲುಂಡಿನ ಹಿರಿಯರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನಿಮ್ಮ ಹೋಟೆಲಿಗೆ ಬಂದ ಗಿರಾಕಿ ಸಾಂಬಾರು ಚೆನ್ನಾಗಿಲ್ಲ ಎನ್ನಬಹುದು, ಮ್ಯಾನೇಜರನ್ನು ಕರೆಸಿ ಜಗಳ ಆಡಬಹುದು, ನಾಳೆಯಿಂದ ಎದುರಿನ ಹೋಟೆಲಿಗೆ ಹೋಗಬಹುದು. ಕಲ್ಲು ಹಿಡಿದು ಅಡುಗೆಮನೆಗೆ ನುಗ್ಗಿ ಇಂದಿನಿಂದ ಇಂಥದ್ದನ್ನೇ ಬೇಯಿಸು ಎನ್ನುವಂತಿಲ್ಲ. ಮಿಸ್ತ್ರಿಯ ಪುಸ್ತಕ ಕೆಟ್ಟದ್ದು ಎಂದು ಆ ಹುಡುಗರು ಹೇಳಿದ್ದು, ಬರೆದದ್ದು, ಮೆರವಣಿಗೆ ಮಾಡಿದ್ದು ಅವರ ಹಕ್ಕು. ಸಂವಿಧಾನದ 19(1)(ಎ) ವಿಧಿ ಅವರಿಗೂ ಇದೆ. ಪಠ್ಯ ಯಾವುದಿರಬೇಕು ಎಂದು ತೀರ್ಮಾನಿಸುವುದು ಮಾತ್ರ ಆ ಹಕ್ಕಿನ ಒಳಗೆ ಬರುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಕಲಸುತ್ತಾರೆ. ಮಾತಿನ ಸ್ವಾತಂತ್ರ್ಯ ಎಲ್ಲರದು, ಅದಕ್ಕೆ ಅರ್ಹತೆ ಬೇಕಿಲ್ಲ. ಭೂಮಿ ಚಪ್ಪಟೆಯಾಗಿದೆ ಎಂದು ಚರ್ಚ್‌ಗೇಟ್ ಸ್ಟೇಷನ್ನಿನ ಮುಂದೆ ಯಾರು ಬೇಕಾದರೂ ಭಾಷಣ ಮಾಡಬಹುದು. ಅದನ್ನೇ ಭೂಗೋಳದ ಉತ್ತರಪತ್ರಿಕೆಯಲ್ಲಿ ಬರೆದವನಿಗೆ ಸೊನ್ನೆ ಕೊಟ್ಟರೆ ಅದು ದಬ್ಬಾಳಿಕೆಯಾಗದು. ಏನು ಕಲಿಸಬೇಕು, ಹೇಗೆ ಸಂಶೋಧಿಸಬೇಕು, ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಆ ವಿಷಯದಲ್ಲಿ ಪಳಗಿದವರು, ಮಂತ್ರಿಗೂ ಧಣಿಗೂ ಗುಂಪಿಗೂ ಹೆದರದೆ ತೀರ್ಮಾನಿಸುವ ಅವಕಾಶ ಎರಡನೆಯದು. ನಮ್ಮ ಸಂವಿಧಾನದಲ್ಲಿ ಅದಕ್ಕೆ ಪ್ರತ್ಯೇಕ ವಿಧಿ ಇಲ್ಲ. 19ನೇ ವಿಧಿಯ ನೆರಳಿನಲ್ಲೇ ಅದು ಬದುಕಬೇಕು.

ಅಮೆರಿಕದಲ್ಲಿ ಈ ಎರಡನೆಯದಕ್ಕೆ ದಾರಿ ತೆರೆದ ಪ್ರಕರಣ ವಿಚಿತ್ರವಾದದ್ದು. 1900ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ರಾಸ್ ತಮ್ಮ ರಾಜಕೀಯ ಭಾಷಣಗಳಿಂದಾಗಿ ಕೆಲಸ ಕಳೆದುಕೊಂಡರು. ಹಟ ಹಿಡಿದು ಅವರನ್ನು ತೆಗೆಸಿದವರು ಸಂಸ್ಥಾಪಕನ ವಿಧವೆ. ಗಂಡನ ಸಂಪತ್ತು ರೈಲ್ವೆಯಿಂದ ಬಂದದ್ದು, ಆ ರೈಲ್ವೆ ಕಟ್ಟಿದವರು ಏಷ್ಯಾದ ಕೂಲಿಗಳು. ರಾಸ್ ಹೇಳಿದ್ದಾದರೂ ಮಹಾ ಮಾತೇನಲ್ಲ. ಏಷ್ಯಾದಿಂದ ಬರುವ ವಲಸಿಗರನ್ನು ತಡೆಯಬೇಕು ಎಂಬ ಜನಾಂಗದ್ವೇಷ ಅದರಲ್ಲಿ ಧಾರಾಳವಾಗಿತ್ತು. ವಲಸಿಗರಾದ ನಮಗೆ ಅದು ಹಿಡಿಸುವ ಮಾತಲ್ಲ. ಆದರೂ ಪ್ರಾಧ್ಯಾಪಕನ ಅಭಿಪ್ರಾಯ ಹಿಡಿಸಲಿಲ್ಲವೆಂದು ಹಣ ಕೊಟ್ಟವರು ಅವನ ಅನ್ನ ಕಸಿಯಬಾರದು ಎಂದು ಸಹೋದ್ಯೋಗಿಗಳು ಕೆಲವರು ರಾಜೀನಾಮೆ ಕೊಟ್ಟು ಹೊರನಡೆದರು. 1915ರಲ್ಲಿ ಅಲ್ಲಿನ ಪ್ರಾಧ್ಯಾಪಕರ ಸಂಘ ಹುಟ್ಟಿದ್ದರ ಹಿಂದೆ ಆ ನೆನಪಿತ್ತು. "ಫೀಸು ಕಟ್ಟುವವರು ನಾವು" ಎಂಬ ವಾದಕ್ಕೆ ನೂರು ವರ್ಷ ಹಳೆಯ ಉತ್ತರ ಇದು.

ನಮ್ಮ ಕನ್ನಡದ ಅನುಭವ ಇದಕ್ಕಿಂತ ಕಹಿ. ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ರಾಮಾಯಣದ ನೂರಾರು ಪರಂಪರೆಗಳ ಬಗ್ಗೆ ಬರೆದ ಇಂಗ್ಲಿಷ್ ಪ್ರಬಂಧ ದಿಲ್ಲಿ ವಿಶ್ವವಿದ್ಯಾಲಯದ ಇತಿಹಾಸ ಪಠ್ಯದಲ್ಲಿತ್ತು. 2008ರಲ್ಲಿ ಅದನ್ನು ವಿರೋಧಿಸಿದವರು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. ಆಮೇಲೆ ನಾಲ್ವರು ತಜ್ಞರ ಸಮಿತಿ ಕೂತಿತು. ಮೂವರು ಪ್ರಬಂಧ ಇರಲಿ ಎಂದರು, ಒಬ್ಬರು ಬೇಡ ಎಂದರು. 2011ರ ಅಕ್ಟೋಬರಿನಲ್ಲಿ ಪರಿಷತ್ತು ಆ ಒಬ್ಬರ ಮಾತಿನಂತೆ ನಡೆಯಿತು. ಮುಂಬಯಿಯಲ್ಲಿ ದಾರಿಯನ್ನೇ ಬಿಟ್ಟು ಹೋದರು, ದಿಲ್ಲಿಯಲ್ಲಿ ದಾರಿಯಲ್ಲೇ ನಡೆದು ಬೇಕಾದ ಕಡೆ ತಲುಪಿದರು. ಹಾಗಾಗಿ ನಿಯಮಾವಳಿ ಇದ್ದರೆ ಸಾಕು ಎಂದು ನಾನು ಹೇಳಲಾರೆ.

ಇನ್ನು ಎಂ.ಎಂ. ಕಲಬುರ್ಗಿ. ಧಾರವಾಡದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಅವರ 'ಮಾರ್ಗ' ಸಂಪುಟದಲ್ಲಿ ಬಸವಣ್ಣನವರ ಕುಟುಂಬದ ಕುರಿತ ಸಂಶೋಧನೆಗೆ ವಿರೋಧ ಎದ್ದಿತು. ಬೆದರಿಕೆಗಳ ನಡುವೆ 1989ರಲ್ಲಿ ಅವರು ಆ ಬರಹವನ್ನು ಹಿಂದೆಗೆದುಕೊಂಡರು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಅದು ತನ್ನ ಬೌದ್ಧಿಕ ಆತ್ಮಹತ್ಯೆ ಎಂದರು. ಸಂಶೋಧನೆಯಲ್ಲಿ ತಪ್ಪಿದ್ದರೆ ಇನ್ನೊಬ್ಬ ಸಂಶೋಧಕ ಶಾಸನ, ಹಸ್ತಪ್ರತಿ ಹಿಡಿದು ತೋರಿಸಬೇಕಿತ್ತು. ಆ ಚರ್ಚೆ ನಡೆಯಲೇ ಇಲ್ಲ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು.

ಇದೆಲ್ಲ ಒಂದೇ ಪಕ್ಷದ ಕೆಲಸ ಎಂದು ಬರೆದರೆ ಅರ್ಧ ಓದುಗರು ಖುಷಿಪಡುತ್ತಾರೆ, ಆದರೆ ಅದು ಸುಳ್ಳಾಗುತ್ತದೆ. 2012ರಲ್ಲಿ ಎನ್‌ಸಿಇಆರ್‌ಟಿ ಪುಸ್ತಕದಲ್ಲಿದ್ದ ಅಂಬೇಡ್ಕರ್ ಕುರಿತ ಶಂಕರ್ ಅವರ ಹಳೆಯ ವ್ಯಂಗ್ಯಚಿತ್ರವನ್ನು ಕೈಬಿಡುವುದಾಗಿ ಸಂಸತ್ತಿನಲ್ಲಿ ಒಪ್ಪಿಕೊಂಡದ್ದು ಯುಪಿಎ ಸರ್ಕಾರ. ಪಠ್ಯದ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು. ಮರುದಿನ ಪುಣೆ ವಿಶ್ವವಿದ್ಯಾಲಯದಲ್ಲಿದ್ದ ಪಳಶೀಕರ್ ಅವರ ಕೋಣೆಯನ್ನು ಪುಂಡರು ಧ್ವಂಸ ಮಾಡಿದರು. ಕರ್ನಾಟಕದಲ್ಲಿ 2022ರ ಪಠ್ಯ ಪರಿಷ್ಕರಣೆ ಹೆಡಗೇವಾರರ ಭಾಷಣವನ್ನು ಹತ್ತನೇ ತರಗತಿಗೆ ತಂದಿತು. ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಅನುಮತಿಯನ್ನೇ ಹಿಂದೆಗೆದುಕೊಂಡರು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಆ ಭಾಷಣವನ್ನು ತೆಗೆಯಿತು. ಹೋದ ಪಾಠದ ಬಗ್ಗೆ ನನಗೆ ದುಃಖವಿಲ್ಲ, ಆದರೆ ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಏನಿರಬೇಕೆಂದು ಅಧಿಕಾರದಲ್ಲಿರುವ ಸರ್ಕಾರ ತೀರ್ಮಾನಿಸುವ ಪದ್ಧತಿ ಎರಡೂ ಸಲ ಒಂದೇ. ಸರ್ಕಾರ ಬದಲಾದಾಗಲೆಲ್ಲ ಮಕ್ಕಳ ಚೀಲ ಬದಲಾಗಬೇಕೆ?

ಈಗ ಡೊಂಬಿವಲಿಯ ತಾಯಿಯ ಕಡೆಗೆ. ಪುಸ್ತಕ ಸುಡುವುದಕ್ಕೆ ಗೇಟಿಗೆ ಬರಬೇಕು, ಕ್ಯಾಮೆರಾ ಬರುತ್ತದೆ, ಕೋಲಾಹಲವಾಗುತ್ತದೆ. ಕಾಗದದ ದಾರಿಯಲ್ಲಿ ಗದ್ದಲವೇ ಇಲ್ಲ. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯನ್ನು ನೋಡಿ. 1936ರಲ್ಲಿ ಸಮಾಜಕಾರ್ಯ ಕಲಿಸಲೆಂದೇ ಹುಟ್ಟಿದ ಸಂಸ್ಥೆ. ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ರಾಮದಾಸ್ ಕೆ.ಎಸ್. ಎಂಬ ದಲಿತ ವಿದ್ಯಾರ್ಥಿಯನ್ನು 2024ರ ಏಪ್ರಿಲಿನಲ್ಲಿ ಎರಡು ವರ್ಷ ಅಮಾನತು ಮಾಡಲಾಯಿತು. ದಿಲ್ಲಿಯ ಮೆರವಣಿಗೆಯಲ್ಲಿ ಸಂಸ್ಥೆಯ ಹೆಸರಿದ್ದ ಬ್ಯಾನರಿನ ಕೆಳಗೆ ನಡೆದದ್ದು, ಆನಂದ್ ಪಟವರ್ಧನ್ ಅವರ 'ರಾಮ್ ಕೆ ನಾಮ್' ನೋಡಿ ಎಂದು ಜಾಲತಾಣದಲ್ಲಿ ಹೇಳಿದ್ದು ಆರೋಪಗಳ ಪೈಕಿ ಇದ್ದವು. ಆ ಸಾಕ್ಷ್ಯಚಿತ್ರ ರಾಷ್ಟ್ರಪ್ರಶಸ್ತಿ ಪಡೆದದ್ದು, ನ್ಯಾಯಾಲಯದ ಆದೇಶದ ಮೇಲೆ ದೂರದರ್ಶನದಲ್ಲೇ ಪ್ರಸಾರವಾದದ್ದು. 2025ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟು ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು: ವಿದ್ಯಾರ್ಥಿಗೆ ರಾಜಕೀಯ ಅಭಿಪ್ರಾಯ ಇರಬಹುದು, ಸಂಸ್ಥೆಯ ಹೆಸರನ್ನು ಅದಕ್ಕೆ ಹಚ್ಚಿದ್ದು ತಪ್ಪು ಎಂಬುದು ಅದರ ಧಾಟಿ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಬ್ಯಾನರಿನ ಹೆಸರಿಗೆ ಒಂದು ಎಚ್ಚರಿಕೆ ಪತ್ರ ಸಾಕಿತ್ತು. ಎರಡು ವರ್ಷ ಎಂದರೆ ಸಂಶೋಧಕನ ಬದುಕನ್ನೇ ನಿಲ್ಲಿಸಿದ ಹಾಗೆ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಮಾನತನ್ನು ಅಷ್ಟರವರೆಗೆ ಕಳೆದ ಅವಧಿಗೆ ಇಳಿಸಿತು. ಅವರು ಓದು ಮುಂದುವರಿಸಲು ದಾರಿಯಾಯಿತು.

ಅದೇ 2024ರಲ್ಲಿ ಆ ಸಂಸ್ಥೆಗೆ ಸೇರುವ ವಿದ್ಯಾರ್ಥಿಗಳ ಮುಂದೆ ಒಂದು ಮುಚ್ಚಳಿಕೆ ಬಂತು. ಶೈಕ್ಷಣಿಕ ವಾತಾವರಣ ಕೆಡಿಸುವ ರಾಜಕೀಯ, ವ್ಯವಸ್ಥೆ ವಿರೋಧಿ, ದೇಶಭಕ್ತಿಗೆ ವಿರುದ್ಧವಾದ ಚರ್ಚೆ, ಧರಣಿ, ಪ್ರದರ್ಶನಗಳಲ್ಲಿ ಪಾಲ್ಗೊಳ್ಳುವುದಿಲ್ಲ ಎಂದು ಅದರಲ್ಲಿತ್ತು. ಬಡತನ, ಜಾತಿ, ಕೊಳೆಗೇರಿ, ಕಾರ್ಮಿಕ ಕಾನೂನು ಇವೇ ಪಠ್ಯವಾಗಿರುವ ಕಡೆ ವ್ಯವಸ್ಥೆಯನ್ನು ಪ್ರಶ್ನಿಸದೆ ಹೇಗೆ ಪಾಠ ಮಾಡುವುದು, ಹೇಗೆ ಉತ್ತರ ಬರೆಯುವುದು? ಪಕ್ಕದಲ್ಲೇ ದೇವನಾರ್ ಕಸದ ಗುಡ್ಡ ಇದೆ. ಅದು ಯಾಕೆ ಅಲ್ಲಿದೆ, ಅದರ ಬುಡದಲ್ಲಿ ಯಾರು ಬದುಕುತ್ತಾರೆ ಎಂದು ಕೇಳಿದ ಕೂಡಲೇ ಅದು ರಾಜಕೀಯ ಚರ್ಚೆಯೇ. ಅದೇ ವರ್ಷದ ಜೂನ್ ಕೊನೆಗೆ ಅನುದಾನ ಬಂದಿಲ್ಲವೆಂದು ಅಧ್ಯಾಪಕರು, ಸಿಬ್ಬಂದಿ ಸೇರಿ ನೂರಕ್ಕೂ ಹೆಚ್ಚು ಮಂದಿಗೆ ಗುತ್ತಿಗೆ ನವೀಕರಣವಿಲ್ಲ ಎಂಬ ಪತ್ರ ಹೋಗಿತ್ತು. ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡರು. ಅದಕ್ಕೆ ಕಾರಣ ಹಣವೇ ಇರಬಹುದು. ಆದರೂ ವರ್ಷ ವರ್ಷ ಗುತ್ತಿಗೆ ನವೀಕರಣಕ್ಕೆ ಕೈಯೊಡ್ಡುವ ಅಧ್ಯಾಪಕನ ಬಾಯಿ ಮುಚ್ಚಿಸಲು ಬೇರೆ ಸುತ್ತೋಲೆ ಬೇಕಾಗಿಲ್ಲ. ಇದನ್ನು ಸ್ಟಾಫ್‌ರೂಮಿನಲ್ಲಿ ನಾನೇ ಕಂಡಿದ್ದೇನೆ. ಗಂಟೆ ಲೆಕ್ಕದಲ್ಲಿ ದುಡಿಯುವ ಕಿರಿಯರು ಚುನಾವಣೆಯ ಮಾತು ಬಂದರೆ ಎದ್ದು ನೀರು ಕುಡಿಯಲು ಹೋಗುತ್ತಾರೆ.

ಪೊವಾಯಿಯ ಐಐಟಿಯಲ್ಲೂ ಇದೇ ಗಾಳಿ. 2023ರಲ್ಲಿ ಹಾಸ್ಟೆಲ್ ಮೆಸ್ಸಿನಲ್ಲಿ ಸಸ್ಯಾಹಾರಿಗಳಿಗೆ ಪ್ರತ್ಯೇಕ ಮೇಜು ಇಟ್ಟದ್ದನ್ನು ಪ್ರತಿಭಟಿಸಿದ್ದಕ್ಕೆ 10,000 ರೂಪಾಯಿ ದಂಡ. ಅದೇ ವರ್ಷದ ನವೆಂಬರಿನಲ್ಲಿ ಪ್ಯಾಲೆಸ್ಟೈನ್ ಕುರಿತ ಉಪನ್ಯಾಸವೊಂದು ಪೊಲೀಸ್ ದೂರಿನವರೆಗೆ ಹೋದ ಮೇಲೆ ಹೊರಗಿನಿಂದ ಭಾಷಣಕಾರರನ್ನು ಕರೆಯಲು ಸಮಿತಿಯ ಪರಿಶೀಲನೆ ಬೇಕೆಂಬ ನಿಯಮ ಬಂತು. 2024ರಲ್ಲಿ ರಾಮಾಯಣದ ಎಳೆ ಹಿಡಿದ 'ರಾಹೋವನ್' ನಾಟಕ ಆಡಿದ ವಿದ್ಯಾರ್ಥಿಗಳಿಗೆ ದಂಡ ಬಿತ್ತು, ಕೆಲವರಿಗೆ ತಲಾ 1.2 ಲಕ್ಷ ರೂಪಾಯಿ. ನಾಟಕ ಕೆಲವರ ಮನಸ್ಸು ನೋಯಿಸಿತು ಎಂಬುದು ನಿಜವೇ ಇರಬಹುದು. ಯಕ್ಷಗಾನದ ಹಾಸ್ಯಗಾರ ದೇವೇಂದ್ರನನ್ನೇ ಗೇಲಿ ಮಾಡುವುದನ್ನು ಇಡೀ ರಾತ್ರಿ ಕೂತು ನೋಡಿದ ಕರಾವಳಿಯವನಿಗೆ ಮಾತ್ರ ಆ ದಂಡದ ಮೊತ್ತ ಅರಗುವುದಿಲ್ಲ.

ಶಾಲೆಗಳ ಸ್ಥಿತಿ ಇನ್ನೂ ಸೂಕ್ಷ್ಮ. ವಿದ್ಯಾವಿಹಾರದ ಸೋಮಯ್ಯ ಶಾಲೆಯ ಪ್ರಾಂಶುಪಾಲೆ ಪರ್ವೀನ್ ಶೇಖ್ ಪ್ಯಾಲೆಸ್ಟೈನ್ ಸಂಬಂಧದ ಪೋಸ್ಟುಗಳಿಗೆ 'ಲೈಕ್' ಒತ್ತಿದ್ದು ಸುದ್ದಿಯಾಗಿ, 2024ರ ಮೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು. ತರಗತಿಯಲ್ಲಿ ಆಡಿದ ಮಾತಿಗಲ್ಲ, ಮೊಬೈಲಿನಲ್ಲಿ ಬೆರಳು ಒತ್ತಿದ್ದಕ್ಕೆ. ಖಾಸಗಿ ಶಾಲೆಯ ಎದುರು 19ನೇ ವಿಧಿಯನ್ನು ಹಿಡಿದು ಗೆಲ್ಲುವುದು ಸುಲಭವಲ್ಲ, ಅದು ಮೂಲತಃ ಸರ್ಕಾರದ ಎದುರಿಗಿನ ಹಕ್ಕು. ಆದರೆ ಮಹಾರಾಷ್ಟ್ರದಲ್ಲಿ ಖಾಸಗಿ ಶಾಲಾ ನೌಕರರಿಗೆಂದು 1977ರ ಕಾಯಿದೆ ಇದೆ: ಕಾಯಂ ಆದವರನ್ನು ವಿಚಾರಣೆ ನಡೆಸದೆ ತೆಗೆಯುವಂತಿಲ್ಲ, ತೆಗೆದರೆ ಶಾಲಾ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಎಷ್ಟೋ ಶಿಕ್ಷಕರಿಗೆ ಈ ಕಾಯಿದೆಯ ಹೆಸರೂ ಗೊತ್ತಿಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ 2024ರ ಫೆಬ್ರವರಿಯಲ್ಲಿ ಶಿಕ್ಷಕಿಯೊಬ್ಬರು ತರಗತಿಯಲ್ಲಿ ಏನೋ ಹೇಳಿದರೆಂಬ ಆರೋಪಕ್ಕೆ ಶಾಲೆಯ ಮುಂದೆ ಶಾಸಕರೂ ಸೇರಿ ಘೋಷಣೆ ಕೂಗಿದ್ದು, ಆಡಳಿತ ಮಂಡಳಿ ಅವರನ್ನು ತೆಗೆದದ್ದು ನಿಮಗೆ ನೆನಪಿರಬಹುದು.

ಮಕ್ಕಳನ್ನೂ ಬಿಟ್ಟಿಲ್ಲ. ಬೀದರಿನ ಶಾಹೀನ್ ಶಾಲೆಯಲ್ಲಿ 2020ರ ಜನವರಿಯಲ್ಲಿ ಪೌರತ್ವ ಕಾಯಿದೆಯ ಬಗ್ಗೆ ಪುಟ್ಟ ಮಕ್ಕಳು ಆಡಿದ ನಾಟಕಕ್ಕೆ ದೇಶದ್ರೋಹದ ಮೊಕದ್ದಮೆ ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ಮಗುವಿನ ತಾಯಿ ಜೈಲಿನಲ್ಲಿದ್ದರು. ಸಮವಸ್ತ್ರದ ಪೊಲೀಸರು ಮತ್ತೆ ಮತ್ತೆ ಬಂದು ಮಕ್ಕಳನ್ನು ವಿಚಾರಿಸಿದರು. ಹೈಕೋರ್ಟಿನ ಕಲಬುರಗಿ ಪೀಠ ಮೊಕದ್ದಮೆ ರದ್ದು ಮಾಡಿದ್ದು 2023ರ ಜೂನಿನಲ್ಲಿ. ಚಿಕ್ಕ ಮಕ್ಕಳ ಬಾಯಲ್ಲಿ ಪ್ರಧಾನಿಯ ಮೇಲಿನ ಸಿಟ್ಟಿನ ಸಂಭಾಷಣೆ ಹಾಕುವುದು ನನಗೆ ಸರಿ ಕಾಣುವುದಿಲ್ಲ, ಅದು ಬೇರೆ ಮಾತು. ಅದಕ್ಕೆ ಪಾಲಕರ ಸಭೆ ಇದೆ, ಠಾಣೆಯ ಕೆಲಸವಲ್ಲ. 1986ರಲ್ಲೇ ಸುಪ್ರೀಂ ಕೋರ್ಟು ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ದಾರಿ ತೋರಿಸಿತ್ತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧರ್ಮದ ಕಾರಣಕ್ಕೆ ಹಾಡಲಿಲ್ಲವೆಂದು ಶಾಲೆ ಹೊರಹಾಕಿದ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು.

ಹಾಗಾದರೆ ಶಿಕ್ಷಕರಿಗೆ ಲಗಾಮೇ ಬೇಡವೇ? ಬೇಕು. 2014ರ ಲೋಕಸಭೆ ಚುನಾವಣೆಯ ಹೊತ್ತಿಗೆ ಝೇವಿಯರ್ಸ್ ಕಾಲೇಜಿನ ಪ್ರಾಂಶುಪಾಲ ಫಾದರ್ ಫ್ರೇಜರ್ ಮಸ್ಕರೇನ್ಹಸ್ ಗುಜರಾತ್ ಮಾದರಿಯನ್ನು ಟೀಕಿಸಿ ವಿದ್ಯಾರ್ಥಿಗಳಿಗೆ ಪತ್ರ ಬರೆದರು, ಚುನಾವಣಾ ಆಯೋಗಕ್ಕೆ ದೂರು ಹೋಯಿತು. ಮಿಸ್ತ್ರಿಯ ಪುಸ್ತಕದ ಪರವಾಗಿ ನಿಂತ ಧೈರ್ಯವಂತರು ಅವರು, ನನಗೆ ಗೌರವವಿದೆ. ಆದರೂ ಮತದಾನದ ಮುಂಚೆ ಪ್ರಾಂಶುಪಾಲರ ಕುರ್ಚಿಯಿಂದ ಬಂದ ಪತ್ರ ಬೇಡವಿತ್ತು ಎನಿಸುತ್ತದೆ. ಅಂಕ, ಹಾಜರಿ, ಶಿಫಾರಸು ಪತ್ರ ಎಲ್ಲ ಆ ಕುರ್ಚಿಯ ಕೈಯಲ್ಲಿರುವಾಗ ವಿದ್ಯಾರ್ಥಿ ಅದನ್ನು ಬರೀ ಅಭಿಪ್ರಾಯವಾಗಿ ಓದಲಾರ. ಅವರೇ ಪತ್ರಿಕೆಯಲ್ಲಿ ನಾಗರಿಕರಾಗಿ ಬರೆದಿದ್ದರೆ ನನ್ನ ತಕರಾರಿಲ್ಲ. ತರಗತಿಯಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಪ್ರಚಾರ ಮಾಡುವ, ತನ್ನ ಮತವನ್ನು ಒಪ್ಪದವನಿಗೆ ಅಂಕ ಕತ್ತರಿಸುವ ಅಧ್ಯಾಪಕನ ವಿರುದ್ಧ ದೂರು ಕೊಡಿ, ಖಂಡಿತ ಕೊಡಿ.

ಡೊಂಬಿವಲಿಯ ತಾಯಿಯವರೇ, ಸೀಟು ಬಿಡಬೇಡಿ. ರ‍್ಯಾಗಿಂಗ್ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ನೀವೂ ಮಗಳೂ ಕಣ್ಣು ಮುಚ್ಚಿ ಸಹಿ ಹಾಕಿ. ಅದರ ಹಿಂದೆ ಯುಜಿಸಿಯ 2009ರ ನಿಯಮಾವಳಿ ಇದೆ. ಚರ್ಚೆ ಮಾಡುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕುವ ಮುನ್ನ ಇದು ಯಾವ ನಿಯಮದ ಅಡಿ, ಯಾವ ಮಂಡಳಿ ಯಾವ ದಿನ ಒಪ್ಪಿದ್ದು, ಮೀರಿದರೆ ವಿಚಾರಣೆ ಮಾಡುವವರು ಯಾರು ಎಂದು ಇ-ಮೇಲಿನಲ್ಲಿ ಕೇಳಿ. ಹಾಕಲೇಬೇಕಾದರೆ ಹಾಕಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಸರ್ಕಾರಿ ಅಥವಾ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಯಾದರೆ ಅದು ಮಾಹಿತಿ ಹಕ್ಕು ಕಾಯಿದೆಗೆ ಒಳಪಡುತ್ತದೆ. ಕೇಂದ್ರದ ಸಂಸ್ಥೆಗೆ ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರ 30 ದಿನಗಳೊಳಗೆ ಬರಬೇಕು. ಬಂದ ಉತ್ತರವನ್ನು ಈ ಅಂಕಣಕ್ಕೂ ಕಳಿಸಿಕೊಡಿ.